ಎಲ್ಲರೂ ಬರೆದು ಮುಗಿಸಿರುವ ವಿಶ್ವೇಶ್ವರಯ್ಯನವರ ಬಗ್ಗೆ ಎಂಟನೇ ತರಗತಿಯ ಹುಡುಗ ಏನು ಬರೆಯಬೇಕು?

ಪ್ರಶ್ನೆ: ನನ್ನ ಮಗ ಎಂಟನೇ ತರಗತಿಯಲ್ಲಿ ಓದುತ್ತಿದ್ದಾನೆ. ಸಮಾಜ ವಿಜ್ಞಾನದ ಚಟುವಟಿಕೆಗೆಂದು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಎಂಟು ಪುಟಗಳ ವರದಿ ಬರೆದು ತರಲು ಹೇಳಿದ್ದರು. ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ದುಂಡಗೆ ಬರೆದು, ಫೋಟೊ ಅಂಟಿಸಿ, ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ತೆಗೆದುಕೊಂಡು ಹೋದ. ಮೇಷ್ಟ್ರು ಎರಡು ಪುಟ ತಿರುವಿ ಹಾಕಿ, 'ಇದರಲ್ಲಿ ನೀನು ಬರೆದದ್ದು ಯಾವುದಪ್ಪಾ?' ಎಂದು ಕೇಳಿ ವಾಪಸು ಕೊಟ್ಟಿದ್ದಾರೆ. ಇನ್ನು ಹತ್ತು ದಿನ ಸಮಯವಿದೆ. ಸಾವಿರ ಜನ ಬರೆದಿರುವ ದೊಡ್ಡವರ ಬಗ್ಗೆ ಹದಿಮೂರು ವರ್ಷದ ಹುಡುಗ ಹೊಸದಾಗಿ ಏನು ತಾನೇ ಬರೆದಾನು? ನಾನು ಎಷ್ಟರಮಟ್ಟಿಗೆ ಸಹಾಯ ಮಾಡಬಹುದು? ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮಾವನವರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಲ್ಲಿ ಬೇಸಾಯ ಮಾಡುವವರು.

ಉತ್ತರ: ನೀವು ಕೊನೆಗೆ, ಇರಲಿ ಎಂದು ಸೇರಿಸಿದಂತೆ ಬರೆದಿರುವ ವಾಕ್ಯದಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅದಕ್ಕೆ ಬರುತ್ತೇನೆ. ಮೊದಲಿಗೆ, ಮೇಷ್ಟ್ರ ಮೇಲೆ ಬೇಸರ ಮಾಡಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪ್ರೌಢಶಾಲೆಯಲ್ಲಿ ಬಹುಕಾಲ ಸಮಾಜ ವಿಜ್ಞಾನ ಕಲಿಸಿದ ನಾನೂ ಇಂಥ ವರದಿಗಳನ್ನು ಕಂತೆಗಟ್ಟಲೆ ನೋಡಿದ್ದೇನೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೂವತ್ತು ವರದಿಗಳು ಒಂದೇ ವಾಕ್ಯದಿಂದ ಶುರುವಾದರೆ ಓದುವವನಿಗೆ ತಿಳಿಯುವುದು ವಿಶ್ವೇಶ್ವರಯ್ಯನವರ ವಿಚಾರವಲ್ಲ, ಊರಿನಲ್ಲಿ ಯಾವ ಸೈಬರ್ ಅಂಗಡಿಯ ಪ್ರಿಂಟರ್ ಚೆನ್ನಾಗಿದೆ ಎಂಬುದಷ್ಟೇ. ವಾಪಸು ಕೊಟ್ಟ ಮೇಷ್ಟ್ರು ನಿಮ್ಮ ಹುಡುಗ ಇನ್ನೊಮ್ಮೆ ಬರೆಯಬಲ್ಲ ಎಂದು ನಂಬಿದ್ದಾರೆ; ನಂಬಿಕೆಯಿಲ್ಲದವರು ಸಹಿ ಹಾಕಿ ಬದಿಗಿಡುತ್ತಾರೆ.

ಆ ಮೂವತ್ತು ವರದಿಗಳ ಮೊದಲ ವಾಕ್ಯವನ್ನೇ ಹತ್ತಿರದಿಂದ ನೋಡೋಣ. 'ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು' ಎಂದು ಅದು ಇರುತ್ತದೆ. ನಿಮ್ಮ ಮಗನ ಮೊದಲ ಪ್ರತಿಯಲ್ಲೂ ಹೀಗೆಯೇ ಇದ್ದಿರಬೇಕು. ಈ ಒಂದು ಸಾಲಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಚಿಕ್ಕಬಳ್ಳಾಪುರ ಎಂಬ ಜಿಲ್ಲೆ ಕೋಲಾರ ಜಿಲ್ಲೆಯಿಂದ ಬೇರೆಯಾಗಿ ಹುಟ್ಟಿದ್ದೇ 2007ರಲ್ಲಿ. ವಿಶ್ವೇಶ್ವರಯ್ಯನವರು ಹುಟ್ಟಿದ ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತವೇ ಅರಸರ ಕೈಯಲ್ಲಿರಲಿಲ್ಲ, 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಅದು ಮರಳಿ ಅರಸರಿಗೆ ಸಿಕ್ಕಿದ್ದು 1881ರಲ್ಲಿ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ ಹೊರಬಂದದ್ದೂ ಅದೇ ವರ್ಷ. ಆದ್ದರಿಂದ 'ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ' ಎಂದು ಬರೆಯಬೇಕು. 'ಈಗಿನ' ಎಂಬ ಆ ಒಂದು ಪದ ಸೇರಿದ್ದನ್ನು ಕಂಡರೆ ಸಾಕು, ಬರೆದವನು ನಕಲು ಮಾಡುತ್ತಿಲ್ಲ, ಯೋಚಿಸುತ್ತಿದ್ದಾನೆ ಎಂದು ಯಾವ ಮೇಷ್ಟ್ರಿಗಾದರೂ ತಿಳಿಯುತ್ತದೆ.

ಎರಡನೆಯದು ಇಸವಿಯ ಪ್ರಶ್ನೆ. ಹಲವು ಪುಸ್ತಕಗಳಲ್ಲಿ 1861 ಎಂದಿದ್ದರೆ ಕೆಲವು ಪುಸ್ತಕಗಳಲ್ಲಿ 1860 ಎಂದಿದೆ. ನಿಧನದ ದಿನಾಂಕವೂ ಹಾಗೆಯೇ: 1962ರ ಏಪ್ರಿಲ್ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಆದರೆ ಒಂದು ಕಡೆ 12 ಎಂದು, ಇನ್ನೊಂದು ಕಡೆ 14 ಎಂದು ಕಾಣುತ್ತದೆ. ಇಂಥ ಕಡೆ ಮಕ್ಕಳು ಗಾಬರಿಯಾಗಿ ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಡುತ್ತಾರೆ. ನಿಮ್ಮ ಮಗ ಅದನ್ನು ಬಿಚ್ಚಿಟ್ಟು ಬರೆಯಲಿ. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಅಂಚೆಚೀಟಿಯನ್ನು ಹೊರತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ. ಮೇಲುನೋಟಕ್ಕೆ ಇದು 1860ರ ಕಡೆಗೆ ವಾಲುತ್ತದೆ. ಆದರೆ ನಮ್ಮಲ್ಲಿ ವಯಸ್ಸನ್ನು 'ತುಂಬಿತು' ಎಂದೂ ಹೇಳುತ್ತೇವೆ, 'ನಡೆಯುತ್ತಿದೆ' ಎಂದೂ ಹೇಳುತ್ತೇವೆ. 1861ರಲ್ಲಿ ಹುಟ್ಟಿದವರಿಗೆ 1960ರ ಆ ದಿನ ತೊಂಬತ್ತೊಂಬತ್ತು ತುಂಬಿ ನೂರು ನಡೆಯತೊಡಗುತ್ತದೆ, ಅದೂ ಹಬ್ಬವೇ. ಹೀಗಾಗಿ ಅಂಚೆಚೀಟಿಯೊಂದೇ ವ್ಯಾಜ್ಯವನ್ನು ಬಗೆಹರಿಸುವುದಿಲ್ಲ. ಅವರು ನೂರು ವರ್ಷ ಬಾಳಿದರೆಂದು, ನೂರಾಒಂದು ಎಂದು, ನೂರಾಎರಡು ಎಂದು ಬೇರೆ ಬೇರೆ ಕಡೆ ಓದುವುದಕ್ಕೂ ಇದೇ ಗೊಂದಲ ಮೂಲ. ಎಂಟನೇ ತರಗತಿಯ ಹುಡುಗ ಇದನ್ನು ಅರ್ಧ ಪುಟದಲ್ಲಿ ಲೆಕ್ಕ ಹಾಕಿ ತೋರಿಸಿದರೆ ಅದು ಅವನ ಸ್ವಂತ ಕೆಲಸ. ಇದಕ್ಕೆ ಬೇಕಾದದ್ದು ಎರಡು ಪುಸ್ತಕಗಳು ಮತ್ತು ಕಳೆಯುವ ಲೆಕ್ಕ, ಅಷ್ಟೇ.

ಇನ್ನು ವರದಿಯ ಒಟ್ಟು ಆಕಾರದ ವಿಚಾರ. ನೂರು ವರ್ಷದ ಬಾಳನ್ನು ಎಂಟು ಪುಟಗಳಿಗೆ ಹಂಚಿದರೆ ಪುಟಕ್ಕೆ ಹನ್ನೆರಡು ವರ್ಷದಂತೆ ಬೀಳುತ್ತದೆ. ಹುಟ್ಟಿದರು, ಓದಿದರು, ಕೆಲಸಕ್ಕೆ ಸೇರಿದರು, ಕಟ್ಟೆ ಕಟ್ಟಿದರು, ದಿವಾನರಾದರು, ಭಾರತರತ್ನ ಪಡೆದರು, ತೀರಿಕೊಂಡರು ಎಂಬ ಸರಪಳಿಯನ್ನು ಬಿಟ್ಟು ಬೇರೇನೂ ಅದರಲ್ಲಿ ಹಿಡಿಸುವುದಿಲ್ಲ. ಈ ಸರಪಳಿ ಪಠ್ಯಪುಸ್ತಕದಲ್ಲೂ ಇದೆ, ಅಂಗಡಿಯಲ್ಲಿ ಸಿಗುವ ಮಹನೀಯರ ಚಿತ್ರಪಟದ ಹಿಂಬದಿಯಲ್ಲೂ ಇದೆ. ಅದನ್ನು ಮತ್ತೆ ಬರೆಯಲು ಹುಡುಗನಾದರೂ ಯಾಕೆ ಬೇಕು? ಅವನು ಬಾಳಿನ ಕಥೆಯನ್ನು ಒಂದು ಪುಟದಲ್ಲಿ ಮುಗಿಸಿ, ಉಳಿದ ಏಳು ಪುಟಗಳನ್ನು ಒಂದೇ ಒಂದು ಪ್ರಶ್ನೆಗೆ ಮೀಸಲಿಡಲಿ. ಪ್ರಶ್ನೆ ಅವನಿಗೆ ನಿಜವಾಗಿ ತಿಳಿಯಬೇಕೆನಿಸಿದ್ದಾಗಿರಬೇಕು. ನಿಮ್ಮ ಮನೆಯ ಮಟ್ಟಿಗೆ ಅದು ಮುಂದೆಯೇ ಬಿದ್ದಿದೆ: 'ನಮ್ಮ ತಾತನ ಗದ್ದೆಗೆ ನೀರು ಬರುವಂತೆ ಮಾಡಿದವರು ವಿಶ್ವೇಶ್ವರಯ್ಯನವರೇನಾ? ಹೌದಾದರೆ, ಅದರಲ್ಲಿ ಅವರು ಮಾಡಿದ್ದೆಷ್ಟು, ಬೇರೆಯವರು ಮಾಡಿದ್ದೆಷ್ಟು?'

ಈ ಪ್ರಶ್ನೆಯನ್ನು ಕೇಳುವುದು ಅವರ ದೊಡ್ಡತನವನ್ನು ಕಡಿಮೆ ಮಾಡಿದಂತೆ ಎಂದು ಕೆಲವರಿಗೆ ಅನ್ನಿಸಬಹುದು. ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಪಟವನ್ನೂ ವಿಶ್ವೇಶ್ವರಯ್ಯನವರ ಪಟವನ್ನೂ ಇಟ್ಟಿರುವುದನ್ನು ನಾನು ಬಲ್ಲೆ. ಆ ಭಕ್ತಿ ಇರಲಿ. ಆದರೆ ವರದಿ ಬರೆಯುವವನು ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಬೇಕು. ಒಂದು ಹಾಳೆಯನ್ನು ಮಧ್ಯೆ ಗೆರೆ ಎಳೆದು ಎರಡು ಭಾಗ ಮಾಡಲಿ. ಎಡಗಡೆ ವಿಶ್ವೇಶ್ವರಯ್ಯನವರ ಬದುಕು, ಬಲಗಡೆ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟಿನ, ಬದುಕು. ಎಡಗಡೆ ಹೀಗೆ ಬರುತ್ತದೆ: ಪುಣೆಯಲ್ಲಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಅಲ್ಲಿಂದ ಮುಂದೆ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ, 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರ ಕೊನೆಯಿಂದ 1918ರ ಕೊನೆಯವರೆಗೆ ದಿವಾನರು. ಬಲಗಡೆ, 1911ರಲ್ಲಿ ಕಟ್ಟೆಯ ಕೆಲಸ ಆರಂಭ, 1931ರ ಹೊತ್ತಿಗೆ ಮುಕ್ತಾಯ. ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟ ಕೂಡಲೇ ಹುಡುಗನಿಗೆ ತಾನಾಗಿಯೇ ಒಂದು ಸಂಗತಿ ಹೊಳೆಯುತ್ತದೆ. ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಇನ್ನೂ ದಿವಾನರಾಗಿರಲಿಲ್ಲ. ಆಗ ದಿವಾನರಾಗಿದ್ದವರು ಟಿ. ಆನಂದರಾವ್. ಕಟ್ಟೆ ಮುಗಿಯುವ ವೇಳೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಹನ್ನೆರಡು ವರ್ಷಗಳೇ ಕಳೆದಿದ್ದವು. ಅವರ ನಂತರ ಕಾಂತರಾಜ ಅರಸ್, ಆಲ್ಬಿಯನ್ ಬ್ಯಾನರ್ಜಿ, ಆಮೇಲೆ ಮಿರ್ಜಾ ಇಸ್ಮಾಯಿಲ್ ದಿವಾನರಾದರು. ಒಂದು ಕಟ್ಟೆ ಐವರು ದಿವಾನರನ್ನು ಕಂಡಿತು. ಇಪ್ಪತ್ತು ವರ್ಷವೂ ಬದಲಾಗದೆ ಇದ್ದವರು ನಾಲ್ವಡಿಯವರೊಬ್ಬರೇ.

ಹಾಗಿದ್ದರೆ ವಿಶ್ವೇಶ್ವರಯ್ಯನವರ ಪಾಲೇನು? ವರದಿಯ ಜೀವ ಇಲ್ಲಿದೆ, ಹುಡುಗ ಇಲ್ಲಿ ನಿಧಾನಿಸಲಿ. ಚೀಫ್ ಎಂಜಿನಿಯರಾಗಿ ಯೋಜನೆಯನ್ನು ರೂಪಿಸಿ, ಅಷ್ಟು ಹಣ ಹೂಡಬಹುದೆಂದು ಅರಮನೆಯನ್ನೂ ಸರ್ಕಾರವನ್ನೂ ಒಪ್ಪಿಸಿದವರು ಅವರು. ಹೊಳೆಯ ಕೆಳಗಿನ ಮದರಾಸು ಪ್ರಾಂತ್ಯ, ಕಾವೇರಿ ನೀರಿನ ಬಗ್ಗೆ ಮೈಸೂರಿನೊಂದಿಗೆ ಆಗಿದ್ದ 1892ರ ಒಪ್ಪಂದವನ್ನು ಮುಂದಿಟ್ಟು ಆಕ್ಷೇಪಿಸಿತು. ದೊಡ್ಡ ಕಟ್ಟೆಗೆ ಅನುಮತಿ ಸಿಗದೆ ಮೊದಲಿಗೆ ಸಣ್ಣ ಪ್ರಮಾಣದ ಕಟ್ಟೆಗೆ ಮಾತ್ರ ಒಪ್ಪಿಗೆ ದೊರೆತಾಗ, ಮುಂದೆ ಎತ್ತರಿಸಲು ಆಗುವಂತೆ ತಳಪಾಯವನ್ನು ದೊಡ್ಡದಾಗಿಯೇ ಹಾಕಿಸಿದ್ದು ಅವರ ಮುಂದಾಲೋಚನೆ. ವ್ಯಾಜ್ಯ ಒಂದು ಹಂತಕ್ಕೆ ಮುಗಿದದ್ದು 1924ರ ಒಪ್ಪಂದದಲ್ಲಿ. ಆ ತಳಪಾಯ ಸಣ್ಣ ಕಟ್ಟೆಗೆ ತಕ್ಕಷ್ಟೇ ಆಗಿದ್ದಿದ್ದರೆ, 1924ರಲ್ಲಿ ಕಾಗದದ ಮೇಲೆ ಒಪ್ಪಿಗೆ ಸಿಕ್ಕರೂ ನದಿಯಲ್ಲಿ ಕೆಲಸ ಮೊದಲಿನಿಂದ ಶುರುವಾಗಬೇಕಿತ್ತು. ಇದನ್ನು ಬರೆದಾಗ 'ಅವರು ಮಹಾನ್ ದೂರದೃಷ್ಟಿಯುಳ್ಳವರಾಗಿದ್ದರು' ಎಂಬ ಸಾಲನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ.

ಇನ್ನು ನಾಲೆ. ನಿಮ್ಮ ಮಾವನವರು ಬಾಯಿತುಂಬ ವಿ.ಸಿ. ನಾಲೆ ಎನ್ನುತ್ತಾರಲ್ಲ, ಅದು ವಿಶ್ವೇಶ್ವರಯ್ಯ ನಾಲೆ; ಆದರೆ ಕಟ್ಟುವಾಗ ಅದಕ್ಕೆ ಇಟ್ಟ ಹೆಸರು ಆಗಿನ ವೈಸರಾಯರದು, ಇರ್ವಿನ್ ನಾಲೆ ಎಂದು. ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಬಯಲಿಗೆ ನೀರು ಬಂದದ್ದು ಮಿರ್ಜಾ ಅವರ ಕಾಲದಲ್ಲಿ. ಮಂಡ್ಯದ ಸಕ್ಕರೆ ಕಾರ್ಖಾನೆಯನ್ನೂ ಮಕ್ಕಳು ಕಣ್ಣುಮುಚ್ಚಿ ವಿಶ್ವೇಶ್ವರಯ್ಯನವರ ಪಟ್ಟಿಗೆ ಸೇರಿಸುತ್ತಾರೆ. ಅದು 1930ರ ದಶಕದ್ದು, ಅದರ ಹಿಂದೆ ದುಡಿದ ಮುಖ್ಯರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್. ಶಿವನಸಮುದ್ರದ ವಿದ್ಯುತ್ತೂ ಇಂಥದ್ದೇ. ಅಲ್ಲಿ ಉತ್ಪಾದನೆ ಆರಂಭವಾದದ್ದು 1902ರಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ಸೇವೆಗೆ ಬರುವುದಕ್ಕೆ ಏಳು ವರ್ಷ ಮೊದಲು. ಒಬ್ಬ ದೊಡ್ಡವರ ಹೆಸರು ಊರಿನಲ್ಲಿ ನೆಲೆನಿಂತ ಮೇಲೆ, ಆಸುಪಾಸಿನ ಒಳ್ಳೆಯ ಕೆಲಸಗಳೆಲ್ಲ ಅವರ ಲೆಕ್ಕಕ್ಕೇ ಜಮೆಯಾಗುತ್ತಾ ಹೋಗುತ್ತವೆ. ಈ ಜಮಾಖರ್ಚನ್ನು ಸರಿಪಡಿಸುವ ಕೆಲಸವನ್ನು ಹುಡುಗನಿಗೆ ಒಪ್ಪಿಸಿ ನೋಡಿ, ಅವನು ಉತ್ಸಾಹದಿಂದ ಮಾಡುತ್ತಾನೆ. ದೊಡ್ಡವರ ತಪ್ಪು ಹಿಡಿಯುವುದು ಆ ವಯಸ್ಸಿಗೆ ಬಲು ಇಷ್ಟದ ಕೆಲಸ.

ಅಂಕಿಗಳ ಬಗ್ಗೆ ಒಂದು ಮಾತು. ಕಟ್ಟೆಯ ಎತ್ತರ ಸುಮಾರು 130 ಅಡಿ, ಉದ್ದ ಸುಮಾರು 8,600 ಅಡಿ ಎಂದು ಬರೆದರೆ ಓದುವವನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದನ್ನು ಕಿಲೋಮೀಟರಿಗೆ ತಿರುಗಿಸಿದರೆ ಎರಡೂವರೆಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಸಾಧಾರಣ ನಡಿಗೆಯಲ್ಲಿ ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಗೂ ಮೇಲೆ ಬೇಕು. ಹೀಗೆ ಬರೆಯಲಿ. ಕಲ್ಲುಗಳ ಸಂದಿಗೆ ಹಾಕಿದ್ದು ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿ ಅರೆದ ಸುರ್ಕಿ ಗಾರೆ ಎಂಬುದನ್ನು ಎಲ್ಲರೂ ಬರೆಯುತ್ತಾರೆ, ಏಕೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಆ ಕಾಲಕ್ಕೆ ನಮ್ಮ ದೇಶದಲ್ಲಿ ಸಿಮೆಂಟಿನ ತಯಾರಿಕೆ ಹೆಸರಿಗಷ್ಟೇ ಇದ್ದು, ಹೊರದೇಶದಿಂದ ತರಿಸುವುದು ಬಲು ದುಬಾರಿಯಾಗಿತ್ತು. ಗರಿಷ್ಠ ಮಟ್ಟ 124.80 ಅಡಿ ಎಂಬ ಸಂಖ್ಯೆಯನ್ನಂತೂ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ, ಮಳೆಗಾಲ ಬಂದರೆ ಟೀ ಅಂಗಡಿಯ ಮಾತೆಲ್ಲ ಅದೇ. ಪತ್ರಿಕೆಯಲ್ಲಿ ಜಲಾಶಯದ ಆ ದಿನದ ಮಟ್ಟ, ಒಳಹರಿವು, ಹೊರಹರಿವು ಪ್ರಕಟವಾಗುತ್ತವೆ. ಇನ್ನುಳಿದ ಹತ್ತು ದಿನವೂ ನಿಮ್ಮ ಮಗ ಅದನ್ನು ಬರೆದಿಟ್ಟುಕೊಂಡು, ಗಣಿತದ ಪುಸ್ತಕದಲ್ಲಿ ಕಲಿತ ಹಾಗೆ ಒಂದು ರೇಖಾನಕ್ಷೆ ಎಳೆಯಲಿ. ಥರ್ಮಾಕೋಲಿನ ಅಣೆಕಟ್ಟಿಗಿಂತ ಅದು ಅಗ್ಗ. ಮೇಲಾಗಿ, ಬೇರೆ ಯಾವ ವರದಿಯಲ್ಲೂ ಇರುವುದಿಲ್ಲ.

ರಜೆಯ ದಿನ ಬಿಡುವಾದರೆ ಅವನನ್ನು ಕಟ್ಟೆಯ ಹತ್ತಿರಕ್ಕೆ ಕರೆದುಕೊಂಡು ಹೋಗಿ, ಬೃಂದಾವನದ ಕಾರಂಜಿಗೆ ಮೊದಲು ಅಲ್ಲಿರುವ ಟಿಪ್ಪು ಸುಲ್ತಾನನ ಕಾಲದ ಪಾರಸಿ ಶಾಸನವನ್ನು ತೋರಿಸಿ. ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸುವ ಮಾತು ಆ ಶಾಸನದಲ್ಲಿದೆ, ಅಂದರೆ ಈ ಯೋಚನೆ ವಿಶ್ವೇಶ್ವರಯ್ಯನವರಿಗಿಂತ ಬಹಳ ಹಳೆಯದು. ಅಂಥದ್ದೊಂದು ಯೋಚನೆ ನೂರಕ್ಕೂ ಹೆಚ್ಚು ವರ್ಷ ಹಾಗೆಯೇ ಉಳಿದು ಇಪ್ಪತ್ತನೇ ಶತಮಾನದಲ್ಲಿ ಮಾತ್ರ ಏಕೆ ಕೈಗೂಡಿತು ಎಂದು ಹುಡುಗ ಕೇಳಿದರೆ, ವರದಿಗೆ ಇನ್ನೂ ಒಂದು ಪುಟ ಸಿಕ್ಕಿತೆಂದು ತಿಳಿಯಿರಿ. ಹಾಗೆಯೇ, ಹಳೆಯ ಕನ್ನಂಬಾಡಿ ಎಂಬ ಊರು, ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ಈ ನೀರಿನಲ್ಲಿ ಮುಳುಗಿದವು, ದೇವಾಲಯವನ್ನು ಬಹಳ ಕಾಲದ ನಂತರ ಕಲ್ಲುಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ನಿಮ್ಮ ಗದ್ದೆಗೆ ನೀರು ಬಂದ ಕಥೆಯಲ್ಲಿ ಮನೆಮಠ ಬಿಟ್ಟು ಎದ್ದವರಿಗೂ ನಾಲ್ಕು ಸಾಲಿನ ಜಾಗವಿರಲಿ.

ಈಗ ಮಕ್ಕಳಿಗೆ ಅತಿ ಪ್ರಿಯವಾದ ಭಾಗ, ಅಂದರೆ ಪ್ರಸಂಗಗಳು. ರೈಲಿನಲ್ಲಿ ಕುಳಿತಿದ್ದ ವಿಶ್ವೇಶ್ವರಯ್ಯನವರು ಚಕ್ರದ ಸದ್ದು ಬದಲಾದದ್ದನ್ನು ಕೇಳಿ ಸರಪಳಿ ಎಳೆದರು, ಮುಂದೆ ಹೋಗಿ ನೋಡಿದರೆ ಕಂಬಿ ಮುರಿದಿತ್ತು ಎಂಬ ಕಥೆ ನಿಮ್ಮ ಮಗನ ಮೊದಲ ಪ್ರತಿಯಲ್ಲಿ ಇದ್ದೇ ಇರುತ್ತದೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಎಂಬುದೂ ಇರಬಹುದು. ಮೇಣದಬತ್ತಿಯ ಕಥೆಯನ್ನೇ ಎಣ್ಣೆಯ ದೀಪವಾಗಿಸಿ ಚಾಣಕ್ಯನ ಬಗ್ಗೆಯೂ ಹೇಳುವುದನ್ನು ನೀವು ಕೇಳಿರಬಹುದು. ರೈಲಿನ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ ಇದೆ. ಯಾವ ಊರಿನ ಹತ್ತಿರ, ಯಾವ ಇಸವಿಯಲ್ಲಿ, ನೋಡಿ ಬರೆದಿಟ್ಟವರು ಯಾರು ಎಂದು ಕೇಳಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಇವನ್ನು ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಅವರ ಶಿಸ್ತು, ಸರ್ಕಾರದ ಹಣದ ವಿಷಯದಲ್ಲಿ ಅವರಿಗಿದ್ದ ಕಟ್ಟುನಿಟ್ಟು ಜನರ ಮನಸ್ಸಿನಲ್ಲಿ ಹೇಗೆ ಉಳಿದಿದೆ ಎಂಬುದನ್ನು ಈ ಕಥೆಗಳು ಹೇಳುತ್ತವೆ. ಆದರೆ 'ಹೀಗೊಂದು ಕಥೆಯನ್ನು ಜನ ಹೇಳುತ್ತಾರೆ' ಎಂದು ಬೇರೆಯಾಗಿಯೇ ಬರೆಯಬೇಕು, ಇಸವಿಯಿರುವ ಸಂಗತಿಗಳ ಸಾಲಿಗೆ ಸೇರಿಸಬಾರದು.

ಪ್ರಸಂಗ ಬೇಕೇಬೇಕು ಎನ್ನುವುದಾದರೆ, ದಾಖಲೆಯಿರುವ ಕೆಲಸಗಳಲ್ಲೇ ಪ್ರಸಂಗಕ್ಕಿಂತ ಸೊಗಸಾದದ್ದು ಸಿಗುತ್ತದೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಹಳೆಯ ಕಟ್ಟೆಯನ್ನೇ ಎತ್ತರಿಸುವ ಬದಲು ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು 1903ರಲ್ಲಿ ಕೂರಿಸಿದರು. ನೀರು ನಿಗದಿಯ ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿಕೊಂಡಿರುತ್ತದೆ; ಮಟ್ಟ ಮೀರಿದಾಗ ಎದುರು ತೂಕದ ಸಮತೋಲ ಬದಲಾಗಿ ಗೇಟು ಏಳುತ್ತದೆ, ನೀರು ಇಳಿದ ಮೇಲೆ ಮತ್ತೆ ಕೂರುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಓಡಿಹೋಗಿ ಗೇಟು ಎತ್ತಲು ಯಾರೂ ಬೇಕಾಗಿಲ್ಲ. ಇದೇ ಬಗೆಯ ಗೇಟುಗಳು ಮುಂದೆ ಕನ್ನಂಬಾಡಿಗೂ ಬಂದವು. ನಿಮ್ಮ ಮಗನಿಗೆ ಯಂತ್ರಗಳ ಮೇಲೆ ಒಲವಿದ್ದರೆ ಎರಡು ಪುಟವನ್ನು ಇದಕ್ಕೇ ಕೊಡಬಹುದು, ತಕ್ಕಡಿಯ ಚಿತ್ರ ಬರೆದು ವಿವರಿಸಬಹುದು. (ಮಂಡ್ಯದವರಲ್ಲದ ಓದುಗರಿಗೂ ಇಂಥ ತುದಿಗಳು ಸಿಗುತ್ತವೆ. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಮಕ್ಕಳು 1908ರ ಮೂಸಿ ನದಿಯ ಪ್ರವಾಹ ಮತ್ತು ಅದರ ನಂತರದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳನ್ನು, ಭದ್ರಾವತಿಯ ಮಕ್ಕಳು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನು ಹಿಡಿದು ಹೊರಡಬಹುದು.)

ಒಂದು ಸೂಕ್ಷ್ಮ ಸಂಗತಿಯನ್ನು ಬಹುತೇಕ ವರದಿಗಳು ಹಾರಿಸಿಬಿಡುತ್ತವೆ: ಅವರು ದಿವಾನಗಿರಿ ಬಿಟ್ಟದ್ದೇಕೆ? 'ನಿವೃತ್ತರಾದರು' ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದ ಸಮುದಾಯಗಳಿಗೂ ಪಾಲು ಬೇಕು ಎಂಬ ಬೇಡಿಕೆ ಆಗ ಮೈಸೂರಿನಲ್ಲಿ ಬಲವಾಗಿತ್ತು. ಅದನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ನೇಮಕಾತಿಗೆ ಅರ್ಹತೆಯೊಂದೇ ಅಳತೆಯಾಗಬೇಕು, ಹಿಂದುಳಿದವರನ್ನು ಶಿಕ್ಷಣದ ಮೂಲಕ ಮೇಲೆತ್ತಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಮಹಾರಾಜರ ನಿಲುವು ಬೇರೆಯಾಗಿತ್ತು. ದಿವಾನರು ಆ ವರ್ಷದ ಕೊನೆಗೆ ಹುದ್ದೆ ತೊರೆದರು. ಮಿಲ್ಲರ್ ಸಮಿತಿಯ ವರದಿ ಬಂದ ಮೇಲೆ ಮೈಸೂರು ಸಂಸ್ಥಾನದಲ್ಲಿ ಮೀಸಲಾತಿ ಜಾರಿಗೆ ಬಂತು. ಹದಿಮೂರರ ಹುಡುಗ ಇಲ್ಲಿ ಯಾರು ಸರಿ ಎಂದು ತೀರ್ಪು ಕೊಡಬೇಕಾಗಿಲ್ಲ. ಇಬ್ಬರ ನಿಲುವನ್ನೂ ತಲಾ ಎರಡು ವಾಕ್ಯಗಳಲ್ಲಿ, ಸಿಟ್ಟಿಲ್ಲದೆ, ಹೊಗಳಿಕೆಯಿಲ್ಲದೆ ಬರೆಯಬಲ್ಲನಾದರೆ ಸಾಕು. 1913ರ ಪ್ರಾಥಮಿಕ ಶಿಕ್ಷಣದ ಶಾಸನ, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ ಇವೆಲ್ಲ ಅವರ ದಿವಾನಗಿರಿಯ ಕಾಲದವು ಎಂಬುದನ್ನೂ ಅದೇ ಪುಟದಲ್ಲಿ ಹೇಳಿದರೆ, ಓದುವವರಿಗೆ ಆ ನಿಲುವಿನ ಹಿನ್ನೆಲೆ ತಿಳಿಯುತ್ತದೆ. ಇದನ್ನು ಬರೆಯುವ ಮೊದಲು ಮೇಷ್ಟ್ರಿಗೆ ಒಂದು ಮಾತು ಕೇಳುವುದು ಒಳ್ಳೆಯದು. ಕೇಳಿದರೆ ಅವರಿಗೂ ಸಂತೋಷವಾಗುತ್ತದೆ.

ಮಾಹಿತಿ ಎಲ್ಲಿಂದ ಎಂದು ನೀವು ನೇರವಾಗಿ ಕೇಳಿಲ್ಲವಾದರೂ, ಹೇಳದೆ ಮುಂದೆ ಹೋಗಲಾರೆ. ಶಾಲೆಯ ಗ್ರಂಥಾಲಯ ಮತ್ತು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಎರಡರಲ್ಲೂ ವಿಶ್ವೇಶ್ವರಯ್ಯನವರ ಮೇಲೆ ಕನ್ನಡದಲ್ಲಿ ಒಂದಾದರೂ ಪುಸ್ತಕ ಸಿಗುವ ಸಂಭವವಿದೆ. ಅವರೇ ತಮ್ಮ ವೃತ್ತಿಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದ್ದಾರೆ. ಹುಡುಗನಿಗೆ ಅಲ್ಲವಾದರೂ, ಮನೆಯಲ್ಲಿ ಇಂಗ್ಲಿಷ್ ಓದುವವರಿದ್ದರೆ ಕನ್ನಂಬಾಡಿಯ ಭಾಗವನ್ನು ಓದಿ ಅವನಿಗೆ ಬಾಯಿಮಾತಿನಲ್ಲಿ ಹೇಳಬಹುದು. ಮೊಬೈಲನ್ನು ದೂರ ಇಡಬೇಕೆಂದಲ್ಲ. ಪುಸ್ತಕದಲ್ಲಿ ಕಂಡ ಇಸವಿಯನ್ನು ತಾಳೆ ನೋಡಲು ಅದು ಒಳ್ಳೆಯ ಸಾಧನ, ಬರೆದುಕೊಳ್ಳಲು ಕೆಟ್ಟ ಸಾಧನ. ಈಗ ಕೇಳಿದ ಕೂಡಲೇ ಎಂಟು ಪುಟ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳೂ ಬಂದಿವೆ; ಶಿವನಸಮುದ್ರವನ್ನು ವಿಶ್ವೇಶ್ವರಯ್ಯನವರ ಲೆಕ್ಕಕ್ಕೆ ಬರೆಯುವ ಚಾಳಿ ಅವಕ್ಕೂ ಅಂಟಿಕೊಳ್ಳಬಹುದು.

ಎಲ್ಲಕ್ಕಿಂತ ಬೆಲೆಯುಳ್ಳ ಆಕರ ನಿಮ್ಮ ಮನೆಯ ಜಗಲಿಯ ಮೇಲೆಯೇ ಕುಳಿತಿದೆ. ನಿಮ್ಮ ಮಾವನವರ ಬಳಿ ಹುಡುಗ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಲಿ. 'ವಿಶ್ವೇಶ್ವರಯ್ಯನವರ ಬಗ್ಗೆ ಹೇಳಿ ತಾತ' ಎಂದರೆ ಅವರೂ ರೈಲಿನ ಕಥೆಯನ್ನೇ ಹೇಳಿಬಿಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ: ನಾಲೆ ಬರುವ ಮೊದಲು ನಮ್ಮ ಹೊಲದಲ್ಲಿ ಏನು ಬೆಳೆಯುತ್ತಿದ್ದರು ಎಂದು ನಿಮ್ಮಪ್ಪ ಹೇಳುತ್ತಿದ್ದರು? ನೀರು ಬಿಡುವ ದಿನ ಊರಿನಲ್ಲಿ ಏನಾಗುತ್ತದೆ? ನೀರು ಬಾರದ ವರ್ಷ ಏನು ಮಾಡಿದಿರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ, ಮಂಡ್ಯದ ಸೊಗಡಿನಲ್ಲಿಯೇ ಬರೆದುಕೊಳ್ಳಲಿ, ತಿದ್ದಬಾರದು. ವರದಿಯ ಉಳಿದ ಭಾಗ ಗ್ರಾಂಥಿಕ ಕನ್ನಡದಲ್ಲಿದ್ದು ತಾತನ ಮಾತು ಮಾತ್ರ ಆಡುಮಾತಿನಲ್ಲಿದ್ದರೆ ಅದು ತಪ್ಪಲ್ಲ. ಯಾರ ಮಾತು ಯಾವುದು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಬರವಣಿಗೆಗೆ ಬಂದರೆ, ನಾನು ಮಕ್ಕಳಿಗೆ ಹೇಳುತ್ತಿದ್ದ ಉಪಾಯ ಒಂದೇ. ಪುಸ್ತಕ ಓದುವಾಗ ಪೆನ್ನು ಮುಟ್ಟಬಾರದು, ಬರೆಯುವಾಗ ಪುಸ್ತಕ ಮುಟ್ಟಬಾರದು. ಇಸವಿ ಮತ್ತು ಹೆಸರುಗಳನ್ನು ಮಾತ್ರ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಬಹುದು. ಹೀಗೆ ಮಾಡಿದಾಗ ವಾಕ್ಯ ಎಂಥದ್ದಾಗುತ್ತದೆ ನೋಡಿ. ನೋಡಿ ಬರೆದದ್ದು: 'ಅವರು ಕೃಷ್ಣರಾಜಸಾಗರ ಅಣೆಕಟ್ಟಿನ ನಿರ್ಮಾಣದ ಮೂಲಕ ನಾಡಿನ ಸಮಗ್ರ ಅಭಿವೃದ್ಧಿಗೆ ಅನುಪಮ ಕೊಡುಗೆ ನೀಡಿದ ಮಹಾನ್ ಚೇತನ.' ಪುಸ್ತಕ ಮುಚ್ಚಿ ಬರೆದದ್ದು: 'ಕಟ್ಟೆ ಶುರುವಾದಾಗ ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್ ಆಗಿದ್ದರು. ಅದು ಮುಗಿದಾಗ ಅವರು ಯಾವ ಹುದ್ದೆಯಲ್ಲೂ ಇರಲಿಲ್ಲ. ಆದರೂ ನಮ್ಮ ಊರಿನವರು ನಾಲೆಗೆ ಅವರ ಹೆಸರನ್ನೇ ಹೇಳುತ್ತಾರೆ. ಏಕೆಂದು ತಾತನನ್ನು ಕೇಳಿದೆ.' ಎರಡನೆಯದರಲ್ಲಿ ಅಲಂಕಾರವಿಲ್ಲ, ಆದರೆ ಒಬ್ಬ ಹುಡುಗನಿದ್ದಾನೆ. (ಅದರ ಎರಡನೇ ವಾಕ್ಯವನ್ನು 'ಮೈಸೂರು ಸರ್ಕಾರದ ಯಾವ ಹುದ್ದೆಯಲ್ಲೂ' ಎಂದು ಬಿಗಿ ಮಾಡಬೇಕು, ಯಾಕೆಂದರೆ ಅವರು ಆಗ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಇಂಥ ಬಿಗಿ ಎರಡನೇ ಓದಿನಲ್ಲಿ ಬರಲಿ, ಮೊದಲ ಬರಹದಲ್ಲಿ ಬೇಡ.)

ನಿಮ್ಮ ಸಹಾಯದ ಮಿತಿಯನ್ನು ಇದರಿಂದಲೇ ಊಹಿಸಬಹುದು. ಗ್ರಂಥಾಲಯಕ್ಕೆ ಕರೆದೊಯ್ಯುವುದು, ಅವನು ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳುವುದು, 'ಇದು ನಿನಗೆ ಹೇಗೆ ಗೊತ್ತು?' ಎಂದು ಪ್ರತಿ ಪುಟಕ್ಕೊಮ್ಮೆ ಕೇಳುವುದು, ಕಾಗುಣಿತ ತಪ್ಪಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಇಷ್ಟು ನಿಮ್ಮದು. ವಾಕ್ಯ ಅವನದು. ನಿಮಗೆ ಇನ್ನೂ ಚೆನ್ನಾದ ವಾಕ್ಯ ಹೊಳೆದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ದುಂಡಗಿನ ಅಕ್ಷರ, ಅಂಚಿನ ಗೆರೆ, ಸ್ಟಿಕ್ ಫೈಲು ಕೊನೆಯ ಸಂಜೆಯ ಕೆಲಸ. ಮೊದಲ ಆರು ದಿನ ಅವುಗಳ ಮಾತೇ ಬೇಡ. ಚಿತ್ರ ಒಂದೆರಡು ಸಾಕು, ಅದರಲ್ಲೊಂದು ಅವನೇ ಕೈಯಲ್ಲಿ ಬರೆದ ನಕ್ಷೆಯಾಗಿರಲಿ: ಕಟ್ಟೆ, ಹುಲಿಕೆರೆಯ ಸುರಂಗ, ನಾಲೆ, ನಿಮ್ಮ ಊರಿನ ತೂಬು, ತಾತನ ಗದ್ದೆ.

ಕೊನೆಯ ಪುಟದಲ್ಲಿ ಮಾಹಿತಿ ಕೊಟ್ಟವರ ಹೆಸರು ಬರೆಯುವ ಪದ್ಧತಿಯಿದೆ. ಪುಸ್ತಕಗಳ ಹೆಸರನ್ನು ಬರೆದ ಮೇಲೆ ಅದೇ ಸಾಲಿನಲ್ಲಿ ತಾತನ ಹೆಸರು, ವಯಸ್ಸು, ಅವರೊಂದಿಗೆ ಮಾತನಾಡಿದ ದಿನಾಂಕವನ್ನೂ ಬರೆಯಲಿ, ಮೇಷ್ಟ್ರಿಗೆ ಕೊಡುವ ಮೊದಲು ಆ ಪುಟವನ್ನು ತಾತನಿಗೆ ಓದಿ ಹೇಳಲಿ. ಅವರು 'ನಾನು ಹಾಗೆ ಹೇಳಲಿಲ್ಲ ಕಣಪ್ಪ' ಎಂದರೆ ಆ ಪುಟವನ್ನು ಮತ್ತೆ ಬರೆಯಬೇಕಾಗುತ್ತದೆ. ಹತ್ತು ದಿನದಲ್ಲಿ ಒಂದು ದಿನವನ್ನು ಅದಕ್ಕೆಂದೇ ಉಳಿಸಿಕೊಂಡಿರಿ.